ಹೆಪ್ಪಿನ ಬಿಳುಪು

ಹಾಲು ಹೆಪ್ಪುಗಟ್ಟಿದರೆ ಗೃಹಿಣಿಗೆ ನೆಮ್ಮದಿ. ನೆತ್ತರು ನಾಳದೊಳಗೆ ಹೆಪ್ಪುಗಟ್ಟಿದರೆ ಮನೆಮಂದಿಗೆಲ್ಲ ಸಂಕಟ. ಎರಡಕ್ಕೂ ಕನ್ನಡದಲ್ಲಿ ಮಾತು ಒಂದೇ. ಮೊಸರು ಗಟ್ಟಿಯಾಗುತ್ತ ನೀರು ಬಿಡುವಂತೆ, ಹೆಪ್ಪುಗಟ್ಟಿದ ರಕ್ತವೂ ತನ್ನ ದ್ರವವನ್ನು ಹೊರಗೆ ಹಿಂಡಿ ಸಾಂದ್ರವಾಗುತ್ತದೆ. ಈ ಸಾಂದ್ರತೆಯೇ ಸಿ.ಟಿ. ಸ್ಕ್ಯಾನಿನ ಚಿತ್ರದಲ್ಲಿ ಬಿಳುಪಾಗಿ ತೋರುತ್ತದೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಈ ಯಂತ್ರವು ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಹೆಸರಿನ ಅಳತೆಗೋಲಿನಲ್ಲಿ ನೀರಿಗೆ ಸೊನ್ನೆ, ಹರಿಯುವ ರಕ್ತಕ್ಕೆ ಸುಮಾರು 40, ಹೊಸ ಹೆಪ್ಪಿಗೆ 60ರಿಂದ 80. ಈ ಅಲ್ಪ ಅಂತರದಲ್ಲಿ ಒಂದು ಜೀವದ ಅಳಿವು ಉಳಿವು ಅಡಗಿರುವುದುಂಟು.

ನಾಳಗಳನ್ನು ನಿಚ್ಚಳವಾಗಿ ಕಾಣಲು ಅಯೋಡಿನ್ ಬೆರೆತ ಕಾಂಟ್ರಾಸ್ಟ್ ದ್ರವವನ್ನು ರಕ್ತಕ್ಕೆ ಸೇರಿಸುವುದು ರೂಢಿ. ಮೂತ್ರಪಿಂಡ ತೀರ ಬಲಗುಂದಿದವರಿಗೆ, ಹಿಂದೊಮ್ಮೆ ಅದು ಒಗ್ಗದೆ ಹೋದವರಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಕಲ್ಲಿನ ನೋವಿರಬೇಕೆಂದು ಬಗೆದಲ್ಲಿ ಸಾದಾ ಚಿತ್ರವೇ ಸಾಕೆನ್ನುತ್ತಾರೆ. ಆದರೆ ಕಲ್ಲನ್ನು ಹುಡುಕಹೊರಟ ಕಣ್ಣಿಗೆ ಉಬ್ಬಿ ಸೋರುತ್ತಿರುವ ಮಹಾಪಧಮನಿ ಕಾಣಿಸಿಕೊಳ್ಳುವುದೂ ಉಂಟು!

ಸಾದಾ ಚಿತ್ರವನ್ನು ಓದಬಲ್ಲವರಿಗೆ ಅದರ ಸಂಜ್ಞೆಗಳು ಹಲವು. ಮಹಾಪಧಮನಿಯ ಅಂಚಿನಲ್ಲಿ ಬಿದಿಗೆಯ ಚಂದ್ರನಂಥ ಬಿಳುಪಿದ್ದರೆ ರಕ್ತವು ಗೋಡೆಯೊಳಗೇ ಇಳಿದಿದೆಯೆಂದು ಅನುಮಾನ. ಕಾಂಟ್ರಾಸ್ಟಿನ ಪ್ರಖರತೆಯಲ್ಲಿ ಈ ಬಿಳುಪು, ಹಗಲಿನ ತಾರೆಯಂತೆ, ಮರೆಯಾಗಬಹುದು. ವೃದ್ಧರ ನಾಳದ ಒಳಪದರದಲ್ಲಿ ಕೂಡಿದ ಸುಣ್ಣದ ಚೂರು ಅಂಚನ್ನು ಬಿಟ್ಟು ಒಳಗೆ ಸರಿದಿದ್ದರೆ, ಪದರವೇ ಸೀಳಿರಬಹುದು. ಪಾರ್ಶ್ವವಾಯುವಿನ ರೋಗಿಯ ಮಿದುಳಿನಲ್ಲಿ ಒಂದು ಧಮನಿ ಮಾತ್ರ ಬಿಳಿಯ ದಾರದಂತೆ ಎದ್ದು ಕಂಡರೆ, ಅಲ್ಲಿ ಹೆಪ್ಪು ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು. ಹೆಪ್ಪು ಕರಗಿಸುವ ಮದ್ದನ್ನು ಕೊಡುವ ಮುನ್ನ ತಲೆಯೊಳಗೆ ರಕ್ತಸ್ರಾವವಿಲ್ಲವೆಂದು ಖಚಿತಪಡಿಸುವುದೂ ಈ ಸಾದಾ ಚಿತ್ರವೇ.

ಆದರೂ ಈ ಸಾಕ್ಷಿ ಮಿತಭಾಷಿ. ರಕ್ತಹೀನತೆಯುಳ್ಳವರ ನೆತ್ತರು ಚಿತ್ರದಲ್ಲಿ ಕಪ್ಪಾಗಿ, ದಟ್ಟ ರಕ್ತದವರದು ಬೆಳ್ಳಗೆ ತೋರುವುದರಿಂದ, ಒಂದು ನಾಳವನ್ನು ನೆರೆಯ ನಾಳದೊಡನೆ ಹೋಲಿಸಿ ನೋಡಬೇಕಾಗುತ್ತದೆ. ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಏನೂ ಇಲ್ಲವೆಂದೂ ಹೇಳಲಾಗದು. ಶಂಕೆ ಬಲವಾಗಿದ್ದರೆ ಬೇರೆ ಪರೀಕ್ಷೆ ಆಗಲೇಬೇಕು.

ಇಲ್ಲಿ ಮನೆಯವರ ಪಾತ್ರವೂ ಸಣ್ಣದಲ್ಲ. “ಹೊಟ್ಟೆನೋವು” ಎಂದಷ್ಟೇ ಬರೆದ ಚೀಟಿ ಚಿತ್ರ ಓದುವವರಿಗೆ ದಿಕ್ಕು ತೋರದು. ನೋವು ಎಷ್ಟು ಗಂಟೆಗೆ ಬಂತು, ಮೆಲ್ಲನೆ ಏರಿತೋ ಸೀಳಿದಂತೆ ಒಮ್ಮೆಲೇ ಎರಗಿತೋ, ಮಾತು ತೊದಲಿದ್ದು ಯಾವಾಗಿನಿಂದ ಎಂಬುದನ್ನು ಹೇಳಬಲ್ಲವರು ಹತ್ತಿರದಲ್ಲಿದ್ದವರೇ. ಆ ನಾಲ್ಕು ಮಾತು ಸರಿಯಾಗಿ ತಲುಪಿದರೆ, ಮಸುಕಾದ ಬಿಳುಪಿನ ಮೇಲೂ ಕಣ್ಣು ನಿಲ್ಲುತ್ತದೆ.