ಮೊರದ ಮುಂದೆ ಕೂತ ಪ್ರಶ್ನೆ

ಟ್ಯಾರೋ ಓದುವವರು ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತಾರೆ: ‘ನಾನು ಭವಿಷ್ಯ ಹೇಳೋದಿಲ್ಲ. ಕಾರ್ಡು ದಾರಿ ತೋರಿಸುತ್ತೆ, ನಡೆಯೋರು ನೀವು.’ ಕೇಳಲು ಚೆಂದ. ಹೇಳುವವರಿಗಂತೂ ಇನ್ನೂ ಚೆಂದ. ದಾರಿ ತಪ್ಪಿದರೆ ತಪ್ಪು ನಡೆದವರದೇ ತಾನೆ!

ನಮ್ಮಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ರಾಜೀನಾಮೆ ಕೊಡಲೋ ಬೇಡವೋ ಎಂದು ವಿಡಿಯೋ ಕಾಲಿನಲ್ಲಿ ಎಲೆ ತೆಗೆಸಿದ್ದಳು. ಹಬ್ಬಕ್ಕೆ ಮಾರ್ಕೋನಹಳ್ಳಿಗೆ ಬಂದಾಗ ಫೋನಿನಲ್ಲಿ ತೋರಿಸಿದಳು. ಬಂದದ್ದು ಗೋಪುರದ ಎಲೆ: ಸಿಡಿಲು ಬಡಿದು ನೆತ್ತಿಯ ಕಿರೀಟ ಹಾರಿದೆ, ಇಬ್ಬರು ತಲೆಕೆಳಗಾಗಿ ಬೀಳುತ್ತಿದ್ದಾರೆ. ‘ಹಳೇದು ಬಿದ್ರೆ ತಾನೇ ಹೊಸದು ಏಳೋದು ಅಂದ್ರು ಮಾಮ. ಒಂಥರಾ ಶಕ್ತಿ ಬಂದಂಗಾಯ್ತು’ ಎಂದಳು. ಒಳಗಿನಿಂದ ಅಕ್ಕ, ‘ಇದನ್ನೇ ಗಿಣಿಶಾಸ್ತ್ರದೋನು ಐದು ರೂಪಾಯಿಗೆ ಹೇಳ್ತಿದ್ದ’ ಎಂದಳು.

ಅಕ್ಕನ ಮಾತು ತಳ್ಳಿಹಾಕುವಂಥದ್ದಲ್ಲ. ಎಡೆಯೂರಿನ ಜಾತ್ರೆಯಲ್ಲಿ ನಾವು ನೋಡಿದ ಗಿಣಿ ಪಂಜರದಿಂದ ಗತ್ತಿನಲ್ಲಿ ಹೊರಬಂದು, ಸಾಲಾಗಿ ಜೋಡಿಸಿದ ಎಲೆಗಳಲ್ಲಿ ಒಂದೆರಡನ್ನು ಕೊಕ್ಕಿನಿಂದ ಎತ್ತಿ ಬಿಸಾಡಿ, ಮೂರನೆಯದನ್ನು ಯಜಮಾನನಿಗೆ ಕೊಡುತ್ತಿತ್ತು. ಅವನು ಒಂದು ಭತ್ತದ ಕಾಳು ಕೊಟ್ಟರೆ ತಿಂದು ತಾನೇ ಒಳಗೆ ಹೋಗುತ್ತಿತ್ತು. ರಾಮಪಟ್ಟಾಭಿಷೇಕ ಬಂದರೆ ಒಳ್ಳೆಯ ದಿನ, ಅಶೋಕವನದ ಸೀತೆ ಬಂದರೆ ಇನ್ನೂ ಸ್ವಲ್ಪ ಕಾಲ ಸೈರಿಸಬೇಕು. ಚಿತ್ರ, ಎಲೆ, ವ್ಯಾಖ್ಯಾನ: ಟ್ಯಾರೋದಲ್ಲಿ ಇರುವುದೆಲ್ಲ ಅಲ್ಲೂ ಇತ್ತು. ಈಗ ವನ್ಯಜೀವಿ ಕಾಯಿದೆಯ ಪ್ರಕಾರ ನಾಡಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯಿದೆಯೋ ಜ್ಯೋತಿಷ್ಯ, ವಾಸ್ತುಗಳ ಸಲಹೆಯನ್ನು ಹೊರಗಿಟ್ಟಿದೆ. ಒಟ್ಟಿನಲ್ಲಿ ಬಿಡುಗಡೆಯಾದದ್ದು ಗಿಣಿ ಮಾತ್ರ.

ಗಿಣಿಗಿಂತ ಗಟ್ಟಿ ಆಸಾಮಿ ಎಂದರೆ ಕಣಿ ಹೇಳುವ ಕೊರವಂಜಿ. ಸುಗ್ಗಿ ಮುಗಿದ ಮೇಲೆ ಬರುತ್ತಿದ್ದಳು. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು. ಮೊರದಲ್ಲಿ ರಾಗಿ, ಅದರ ಮೇಲೆ ಎಲೆ ಅಡಿಕೆ, ಒಂದು ಬಿಲ್ಲೆ ಇಟ್ಟರೆ ನಮ್ಮಜ್ಜಿಯ ಅಂಗೈಗೆ ಕೋಲು ತಾಗಿಸಿ ಶುರುಮಾಡುತ್ತಿದ್ದಳು: ‘ಕೊಡೋ ಕೈ ನಿಂದು ತಾಯಿ, ಈಸ್ಕಳೋ ಕೈಯಲ್ಲ. ಮನೆ ತುಂಬಾ ಜನ ಅವ್ರೆ, ನಿನ್ನ ಮನಸ್ಸು ತಿಳ್ಕಂಡೋರು ಒಬ್ರೂ ಇಲ್ಲ.’ ಅಜ್ಜಿ ಸೆರಗನ್ನು ಕಣ್ಣಿಗೊತ್ತಿಕೊಂಡು ಇನ್ನೊಂದು ಪಾವು ರಾಗಿ ಸುರಿಯುತ್ತಿದ್ದಳು. ಪಕ್ಕದ ಮನೆಯಲ್ಲೂ ಇದೇ ಕೊಡೋ ಕೈ, ಇದೇ ತಿಳಿಯದ ಮನಸ್ಸು. ಅಲ್ಲೂ ಸೆರಗು ಒದ್ದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರದ ಮೇಷ್ಟ್ರು ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ‘ಇದು ನಿನ್ನ ಸ್ವಭಾವ’ ಎಂದು ಒಂದೇ ಬರಹವನ್ನು ಹಂಚಿದ. ಅದನ್ನು ಹೆಕ್ಕಿದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ. ಎಷ್ಟು ಸರಿಯಾಗಿದೆ ಎಂದು ಕೇಳಿದರೆ ಹುಡುಗರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ನಮ್ಮ ಬೀದಿಯ ಹೆಂಗಸರು ಐದಕ್ಕೆ ಐದೂ ಕೊಡುತ್ತಿದ್ದರು.

ಹಾಗೆಂದು ನಗಲಾರೆ. ಆ ತುಂಬಿದ ಮನೆಯಲ್ಲಿ ಅಜ್ಜಿಗೆ ಆ ಮಾತು ಹೇಳಿದವಳು ಅವಳೊಬ್ಬಳೇ. 1942ರಲ್ಲಿ ಹಾಸ್ಯಪತ್ರಿಕೆ ಶುರುಮಾಡಿದ ಡಾ. ಎಂ. ಶಿವರಾಂ ಅದಕ್ಕೆ ‘ಕೊರವಂಜಿ’ ಎಂದೇ ಹೆಸರಿಟ್ಟರು. ವೃತ್ತಿಯಲ್ಲಿ ವೈದ್ಯರಾದ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ವಿಚಾರವಾಗಿ ಬರೆದ ‘ಮನ ಮಂಥನ’ಕ್ಕೆ. ಕಣಿಗೂ ಮನಸ್ಸಿಗೂ ಇರುವ ನಂಟು ಅವರಿಗೆ ಮೊದಲೇ ಹೊಳೆದಿತ್ತೇನೋ.

ಟ್ಯಾರೋ ಮಾತ್ರ ಹುಟ್ಟಿನಲ್ಲಿ ಶಾಸ್ತ್ರವೇ ಅಲ್ಲ. ಹದಿನೈದನೇ ಶತಮಾನದ ಉತ್ತರ ಇಟಲಿಯಲ್ಲಿ ಅದು ಇಸ್ಪೀಟಿನಾಟ. ಸಿರಿವಂತರು ಹೊತ್ತು ಕಳೆಯಲು ಆಡುತ್ತಿದ್ದದ್ದು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲ್ಯಾಂ ಎಂಬ ಪಂಡಿತ, ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ಜ್ಞಾನ ಅಡಗಿದೆ ಎಂದು ಬರೆದ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಶಾಂಪೋಲಿಯನ್ ಬಿಡಿಸಿದ್ದು 1822ರಲ್ಲಿ. ಅಲ್ಲಿಯವರೆಗೆ ಆ ಪಂಡಿತನನ್ನು ಅಡ್ಡಡ್ಡ ಕೇಳುವವರು ಯಾರಿದ್ದರು? ಹುಡುಗಿಯ ಫೋನಿನಲ್ಲಿದ್ದ ಗೋಪುರವಂತೂ 1909ರದು; ಲಂಡನ್ನಿನಲ್ಲಿ ಆರ್ಥರ್ ವೇಟ್ ಹೇಳಿ, ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಎಲೆಯ ಮರುಳರೇ. ಗಂಜೀಫಾ ಎಲೆಗಳಲ್ಲಿ ದೇವರು, ದೇವಿಯರನ್ನೆಲ್ಲ ತುಂಬಿಸಿ ಹೊಸ ಹೊಸ ಆಟ ಕಟ್ಟಿ, ‘ಶ್ರೀತತ್ತ್ವನಿಧಿ’ಯಲ್ಲಿ ಅವುಗಳ ವಿವರ ಬರೆಸಿಟ್ಟರು. ಚಾಮುಂಡಿಯೇ ಎಲೆಯ ಮೇಲೆ ಬಂದರೂ ಮೈಸೂರಿನವರಿಗೆ ಅದು ಆಟವಾಗಿಯೇ ಉಳಿಯಿತು. ಅಲ್ಲಿ ಸೋತವನು ತನ್ನ ಸೋಲಿಗೆ ಅರ್ಥ ಹುಡುಕುತ್ತ ಕೂರಬೇಕಾಗಿರಲಿಲ್ಲ.

ನನ್ನ ತಕರಾರು ಎಲೆಯ ಮೇಲಲ್ಲ, ಅದರ ಮುಂದಿಡುವ ಪ್ರಶ್ನೆಯ ಮೇಲೆ. ಅಜ್ಜಿ ಕೇಳುತ್ತಿದ್ದದ್ದು ತನ್ನ ಕೈಮೀರಿದ್ದನ್ನು: ಕಳೆದುಹೋದ ಎತ್ತು, ಮಗುವಿನ ಬಿಡದ ಜ್ವರ, ಬಾರದ ಮಳೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನಮ್ಮೂರಿನ ಬಳಿ ಶಿಂಷೆಗೆ ಅಣೆಕಟ್ಟು ಎದ್ದಿತು. ಅದರ ಸೈಫನ್ ಇವತ್ತಿಗೂ ನೋಡುವಂಥದ್ದು. ನೀರು ತುಂಬುಮಟ್ಟ ದಾಟಿದರೆ ಸಾಕು, ಯಾರೂ ಗೇಟು ಎತ್ತದೆ, ತಾನೇ ಉಸಿರು ಕಟ್ಟಿ ಎಳೆದುಕೊಂಡು ಭೋರ್ಗರೆದು ಹೊರಗೆ ಬೀಳುತ್ತದೆ. ನಾಲೆ ಬಂದ ಮೇಲೆ ಭತ್ತದ ಗದ್ದೆಯವರು ಕೊರವಂಜಿಯನ್ನು ಮಳೆಯ ವಿಚಾರ ಕೇಳುವುದು ಕಡಿಮೆಯಾಯಿತು ಎಂದು ಅಜ್ಜಿಯೇ ಹೇಳುತ್ತಿದ್ದಳು. ನೀರು ಎಷ್ಟಡಿ ಇದೆ, ಯಾವಾಗ ಬಿಡುತ್ತಾರೆ ಎಂದು ಇಂಜಿನಿಯರ್ ಆಫೀಸಿನವರನ್ನೇ ಕೇಳಬಹುದಾಯಿತು. ಕಣಿಗೆ ಉಳಿದದ್ದು ಎತ್ತು, ಜ್ವರ, ಮನಸ್ಸು.

ಅಕ್ಕನ ಮಗಳ ಪ್ರಶ್ನೆ ಹಾಗಲ್ಲ. ಸಂಬಳ ಎಷ್ಟು, ಉಳಿತಾಯ ಎಷ್ಟು ತಿಂಗಳಿಗಾಗುತ್ತದೆ, ಮೇಲಿನವನ ಕಾಟ ತಡೆಯಬಹುದೋ ಇಲ್ಲವೋ, ಎಲ್ಲ ಅವಳಿಗೇ ಗೊತ್ತು. ಗೊತ್ತಿರುವುದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಧೈರ್ಯ ತಂದುಕೊಂಡರೆ ಅದು ಅಜ್ಜಿಯ ಸೆರಗಿನಷ್ಟೇ ನಿರಪಾಯ, ಒಂದು ಪಾವು ರಾಗಿಯ ಖರ್ಚು. ಕೆಡುವುದು ಎರಡನೇ ಸಲಕ್ಕೆ. ಬೇಕಾದ ಎಲೆ ಬರುವವರೆಗೂ ತೆಗೆಸುವುದು, ಗುಡಿಯಲ್ಲಿ ಹೂ ಪ್ರಸಾದ ಕೇಳಿದಾಗ ದೇವರು ಬೇಡವೆಂದು ಎಡಗಡೆ ಹೂ ಕೊಟ್ಟರೆ ‘ಸರಿಯಾಗಿ ಕೇಳ್ಕೊಂಡಿಲ್ಲ’ ಎಂದು ಪೂಜಾರಿಯಿಂದ ಮತ್ತೆ ಏರಿಸುವುದು, ಎರಡೂ ಒಂದೇ ರೋಗ. ಅಷ್ಟು ಹೊತ್ತಿಗೆ ತೀರ್ಮಾನ ಮನಸ್ಸಿನಲ್ಲಿ ಆಗಿರುತ್ತದೆ. ಹೊರಲು ಮಾತ್ರ ಇನ್ನೊಂದು ಹೆಗಲು ಬೇಕು. ಕೊರವಂಜಿ ವರ್ಷಕ್ಕೊಮ್ಮೆ ಬರುತ್ತಿದ್ದಳು, ಬೇಕೆಂದಾಗ ಸಿಗುತ್ತಿರಲಿಲ್ಲ. ಫೋನು ರಾತ್ರಿ ಹನ್ನೆರಡಕ್ಕೂ ಸಿಗುತ್ತದೆ.

ಎಲೆ ತೆಗೆಸುವವರು ತೆಗೆಸಿ, ಬೇಡ ಎನ್ನಲಾರೆ. ಆಸ್ಪತ್ರೆಯ ರಿಪೋರ್ಟು, ಬ್ಯಾಂಕಿನ ಸಾಲ, ಗಂಡ ಹೆಂಡಿರ ಜಗಳವನ್ನು ಮಾತ್ರ ಅದರ ಮುಂದೆ ಇಡಬೇಡಿ. ಅವಕ್ಕೆ ಉತ್ತರ ಗೊತ್ತಿರುವವರು ಬೇರೆ ಇದ್ದಾರೆ. ಒಂದೇ ಪ್ರಶ್ನೆಗೆ ಎರಡನೇ ಸಲ ಫೀಸು ಕೇಳಿದರೆ ಫೋನು ಇಟ್ಟುಬಿಡಿ.