ಅಣಕು ಸಂದರ್ಶನ: ಅಭ್ಯಾಸವೋ, ಅಭಿನಯವೋ?

ಉದ್ಯೋಗಾಕಾಂಕ್ಷಿಗಳಿಗೆ ಸಂದರ್ಶನದ ಪೂರ್ವಾಭ್ಯಾಸ ಮಾಡಿಸುವ ಕ್ರಮಕ್ಕೆ ಕನ್ನಡದಲ್ಲಿ ‘ಅಣಕು ಸಂದರ್ಶನ’ವೆಂಬ ಹೆಸರು ರೂಢಿಯಾಗಿದೆ. ಅಣಕಿಸುವುದೆಂದರೆ ಮತ್ತೊಬ್ಬರಂತೆ ನಟಿಸಿ ತೋರಿಸುವುದು. ಅದರಲ್ಲಿ ಗೇಲಿಯ ಛಾಯೆಯೂ ಉಂಟು. ‘ಮಾದರಿ ಸಂದರ್ಶನ’ವೆಂಬ ಗಂಭೀರವಾದ ಮಾತು ಬಳಕೆಯಲ್ಲಿದ್ದರೂ ಜನ ಮೊದಲನೆಯದನ್ನೇ ಹೆಚ್ಚು ಒಪ್ಪಿಕೊಂಡರು. ಹೆಸರಿಟ್ಟವರು ಉದ್ದೇಶಿಸಿದ್ದರೋ ಇಲ್ಲವೋ, ಈ ಅಭ್ಯಾಸದೊಳಗಿನ ಅಪಾಯವನ್ನು ಹೆಸರೇ ಹೇಳಿಬಿಡುತ್ತದೆ.

ಅಭ್ಯಾಸ ಬೇಕೆಂಬುದರಲ್ಲಿ ಸಂಶಯವಿಲ್ಲ. ಮನೆಯಲ್ಲಿ ತಂದೆಯ ಎದುರು ತಲೆಯೆತ್ತಿ ಮಾತನಾಡದ, ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೇ ಪದವಿ ಮುಗಿಸಿದ ತರುಣನು ಒಂದು ದಿನ ಏಕಾಏಕಿ ಅಪರಿಚಿತ ಹಿರಿಯರ ಮುಂದೆ ತನ್ನನ್ನು ತಾನು ನಿರೂಪಿಸಬೇಕಾಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಅಂತಿಮ ಶ್ರೇಣಿಗೆ ಗಣಿಸುವ 2025 ಅಂಕಗಳಲ್ಲಿ ವ್ಯಕ್ತಿತ್ವ ಪರೀಕ್ಷೆಯದು 275. ವರ್ಷಗಟ್ಟಲೆ ಓದಿದ್ದರ ಫಲ ಸುಮಾರು ಅರ್ಧ ಗಂಟೆಯ ಮಾತಿನಿಂದ ಮೇಲಕ್ಕೂ ಏರಬಹುದು, ಕೆಳಕ್ಕೂ ಜಾರಬಹುದು. ಕೇಂದ್ರ ಸರಕಾರವು 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಆದರೂ ಬ್ಯಾಂಕು, ಕಾಲೇಜು, ಖಾಸಗಿ ಸಂಸ್ಥೆಗಳಲ್ಲಿ ಆ ಮೇಜು, ಆ ಕುರ್ಚಿ ಹಾಗೆಯೇ ಉಳಿದಿವೆ.

ಪೂರ್ವಾಭ್ಯಾಸದಿಂದ ಮೊದಲು ತಿದ್ದಿಕೊಳ್ಳುವುದು ಮೈಯ ನಡವಳಿಕೆ. ಕೈ ಎಲ್ಲಿಡಬೇಕು, ಪ್ರಶ್ನೆ ಕೇಳಿದವರತ್ತ ನೋಡಬೇಕೋ ನೆಲದತ್ತ ನೋಡಬೇಕೋ, ಮಾತಿನ ಓಟ ಎಷ್ಟಿರಬೇಕು ಎಂಬುದೆಲ್ಲ ಎರಡು ಮೂರು ಸಲದಲ್ಲಿ ಹದಕ್ಕೆ ಬರುತ್ತದೆ. ತಿಳಿಯದ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದು ನಿರಾಳವಾಗಿ ಹೇಳುವುದನ್ನು ಕಲಿಯಲು ಮಾತ್ರ ಇನ್ನೂ ಕೆಲವು ಸಲ ಬೇಕಾಗುತ್ತದೆ. ಅದೇ ಕಷ್ಟದ ಪಾಠ.

ಉತ್ತರ ಕರ್ನಾಟಕದ ಒಂದು ಊರಿನ ವಿದ್ಯಾರ್ಥಿನಿಲಯದಲ್ಲಿ ಭಾನುವಾರಗಳಂದು ಇಂತಹ ಅಭ್ಯಾಸ ನಡೆಯುತ್ತಿತ್ತು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಕಾಲೇಜಿನ ಅಧ್ಯಾಪಕರೊಬ್ಬರು, ವಕೀಲರೊಬ್ಬರು ಮೇಜಿನ ಆಚೆ ಕೂಡುತ್ತಿದ್ದರು. ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಿದ್ದ ಎಂ.ಕಾಂ. ಪದವೀಧರೆಯೊಬ್ಬಳ ಸರದಿ ಬಂದಿತು. ಪದವಿಯ ನಂತರ ಮೂರು ವರ್ಷ ಖಾಲಿ ಇತ್ತು. ಆ ಅವಧಿಯಲ್ಲಿ ಏನು ಮಾಡಿದಿರೆಂದು ಅಧ್ಯಾಪಕರು ಕೇಳಿದಾಗ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆನೆಂಬ ಕಂಠಪಾಠದ ಉತ್ತರ ಬಂದಿತು. ಯಾವ ಪರೀಕ್ಷೆ, ಯಾವ ವರ್ಷ ಎಂಬ ಮರುಪ್ರಶ್ನೆಗೆ ಅವಳು ಮೌನಿಯಾದಳು. ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರವೊಂದನ್ನು ಹಿಂದಿನ ದಿನಾಂಕ ಹಾಕಿಸಿ ತಂದರೆ ತೊಂದರೆಯಿರದೆಂದು ವಕೀಲರು ಸೂಚಿಸಿದರು; ಅವರಿಗೆ ಅದು ಕೇವಲ ವ್ಯವಹಾರಜ್ಞಾನವಾಗಿತ್ತು.

ನಿವೃತ್ತ ಅಧಿಕಾರಿ ಅರ್ಜಿಯಲ್ಲಿ ತಂದೆಯ ಉದ್ಯೋಗದ ಸಾಲನ್ನು ಓದಿ, “ತಂಗಿ, ಪಾತ್ರೆ ಅಂಗಡಿ ಐತಲ್ಲ, ಅದನ್ನ ಯಾರು ನೋಡ್ಕೋತಿದ್ರು?” ಎಂದರು. ತಂದೆಗೆ ಪಾರ್ಶ್ವವಾಯು ಬಡಿದ ಮೇಲೆ ಅಂಗಡಿಯನ್ನು ನಡೆಸಿದವಳು ಅವಳೇ. ಆಮೇಲಿನ ನಾಲ್ಕೈದು ನಿಮಿಷ ಅವಳು ತಡವರಿಸಲಿಲ್ಲ. ಹಿತ್ತಾಳೆ ತಾಮ್ರಗಳ ತೂಕದ ದರ, ಹಳೆಯ ಪಾತ್ರೆ ಕೊಟ್ಟು ಹೊಸದು ಒಯ್ಯುವವರ ಲೆಕ್ಕ, ಮದುವೆಯ ಸುಗ್ಗಿಯಲ್ಲಿ ಬೆಳೆಯುವ ಉದ್ರಿ ಪುಸ್ತಕ, ತಿಂಗಳು ತಿಂಗಳು ಸಲ್ಲಿಸಬೇಕಾದ ಜಿ.ಎಸ್.ಟಿ. ವಿವರಪಟ್ಟಿ ಎಲ್ಲವೂ ಬಂದುವು. ಲೆಕ್ಕಪತ್ರದ ಕೆಲಸಕ್ಕೆ ಇದಕ್ಕಿಂತ ಯೋಗ್ಯವಾದ ಅನುಭವ ಯಾವುದು? “ಇದನ್ನ ಯಾಕ ಹೇಳಲಿಲ್ಲ?” ಎಂದು ಕೇಳಿದರೆ, “ಅಂಗಡಿಯಲ್ಲಿ ಕೂತಿದ್ದೆ ಅಂದರೆ ಕಡಿಮೆಯಾಗಿ ನೋಡುತ್ತಾರೆ ಸರ್” ಎಂದಳು.

ಸುಳ್ಳಿನ ಮೂಲ ಅನೇಕ ವೇಳೆ ದುರಾಸೆಯಲ್ಲ, ನಾಚಿಕೆ. ವ್ಯಾಪಾರದ ಮನೆತನಗಳ ಮಕ್ಕಳೇ ಅಂಗಡಿಯ ಹೆಸರು ಹೇಳಲು ನಾಚುವಂತಾದುದಕ್ಕೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಮೊದಲು ಹೆಸರಿಸಿರುವುದು ಮಿಥ್ಯೋಪದೇಶವನ್ನು. ಕೂಟಲೇಖಕ್ರಿಯೆಯೂ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದೂ, ಆ ಪಟ್ಟಿಯಲ್ಲಿದೆ. ಹಿಂದಿನ ದಿನಾಂಕದ ಪ್ರಮಾಣಪತ್ರ ಎರಡನೆಯದಕ್ಕೆ ಸೇರಿದರೆ, ಅದನ್ನು ತರಲು ಹೇಳಿಕೊಟ್ಟ ಮಾತು ಮೊದಲನೆಯದಕ್ಕೆ ಸೇರುತ್ತದೆ. ಸಿಕ್ಕಿಬಿದ್ದಾಗ ಕೆಲಸ ಕಳೆದುಕೊಳ್ಳುವವನು ಅಭ್ಯರ್ಥಿ. ಹೇಳಿಕೊಟ್ಟವರ ಹೆಸರು ಎಲ್ಲಿಯೂ ಬರುವುದಿಲ್ಲ. ತರಬೇತಿ ಕೊಡಲು ಕುಳಿತ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಒಳಿತು.

ಹಾಗೆಂದು ತನ್ನ ಬಗ್ಗೆ ಒಳ್ಳೆಯದನ್ನು ಮೊದಲು ಹೇಳುವುದು, ಹೇಳುವುದನ್ನು ಕ್ರಮವಾಗಿ ಹೇಳುವುದು ಅಸತ್ಯವಲ್ಲ. ಇದ್ದುದನ್ನು ಜೋಡಿಸಿ ಹೇಳಬಹುದು. ಇಲ್ಲದ್ದನ್ನು ತಂದು ಸೇರಿಸುವಂತಿಲ್ಲ. ಹವ್ಯಾಸದ ಸಾಲಿನಲ್ಲಿ ‘ಪುಸ್ತಕ ಓದುವುದು’ ಎಂದು ಬರೆದು, ಕಡೆಯದಾಗಿ ಓದಿದ ಪುಸ್ತಕ ಯಾವುದೆಂದು ಕೇಳಿದಾಗ ಬೆವರುವವರು ಬಹಳ. ಲೋಕಸೇವಾ ಆಯೋಗವು ವ್ಯಕ್ತಿತ್ವ ಪರೀಕ್ಷೆಯಲ್ಲಿ ಅಳೆಯುವ ಗುಣಗಳಲ್ಲಿ ಬೌದ್ಧಿಕ ಹಾಗೂ ನೈತಿಕ ಪ್ರಾಮಾಣಿಕತೆಯನ್ನೂ ಹೆಸರಿಸಿದೆ. ಅಂತಹ ಮಂಡಳಿಯ ಮುಂದೆ ಕೃತ್ರಿಮ ಹವ್ಯಾಸದಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ಭಾಷೆಯ ವಿಷಯವೂ ಉಂಟು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಆ ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಆದರೂ ಅಭ್ಯಾಸವನ್ನೆಲ್ಲ ಇಂಗ್ಲಿಷಿನಲ್ಲಿ ಮಾಡಿಸಿ, ಮಕ್ಕಳ ಗಮನವು ಉತ್ತರಕ್ಕಿಂತ ವ್ಯಾಕರಣದ ಮೇಲೇ ನಿಲ್ಲುವಂತೆ ಮಾಡುವವರಿದ್ದಾರೆ. ಕೆಲವು ಹಿರಿಯರಿಗಂತೂ ಈ ಮೇಜು ಗದರಿಸಲು ಸಿಕ್ಕ ಸದವಕಾಶ; ಅವರನ್ನು ಮಂಡಳಿಗೆ ಕರೆಯದಿರುವುದೇ ಉಪಕಾರ.

ಒಂದೇ ಮಂಡಳಿಯ ಮುಂದೆ ಹತ್ತು ಸಲ ಕುಳಿತರೆ ಉತ್ತರಗಳು ಗಟ್ಟಿಯಾಗಿ ಕಲ್ಲಾಗುತ್ತವೆ. ಮೂರು ನಾಲ್ಕು ಸಲ ಸಾಕು, ಅದೂ ಬೇರೆ ಬೇರೆ ಹಿರಿಯರ ಮುಂದೆ. ಆ ವಿದ್ಯಾರ್ಥಿನಿಲಯದಲ್ಲಿ ಮತ್ತೊಂದು ಪದ್ಧತಿಯೂ ಇತ್ತು. ಕೊನೆಯ ಸರದಿಗಳಲ್ಲಿ ಅಭ್ಯರ್ಥಿಗಳನ್ನೇ ಮೇಜಿನ ಆಚೆ ಕೂರಿಸಿ ಪ್ರಶ್ನೆ ಕೇಳಲು ಬಿಡುತ್ತಿದ್ದರು. ‘ನಿಮ್ಮ ದೌರ್ಬಲ್ಯವೇನು?’ ಎಂಬುದಕ್ಕೆ ನಾಲ್ಕನೆಯವನೂ ‘ಅತಿಯಾಗಿ ದುಡಿಯುವುದು’ ಎಂದಾಗ, ಹಿಂದಿನ ವಾರ ಅದೇ ಉತ್ತರವನ್ನು ಗಂಭೀರವಾಗಿ ಕೊಟ್ಟಿದ್ದವನು ಅರ್ಜಿಯ ಹಾಳೆಯಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದನು.