ಕೂಡುಬಾಳ್ವೆಯಲ್ಲಿ ಹೊಣೆ ಹೊರುವುದು

ಅಮೆರಿಕದ ವರ್ಜೀನಿಯಾ ರಾಜ್ಯದ ಲೂಯಿಸಾ ಕೌಂಟಿಯಲ್ಲಿರುವ ಟ್ವಿನ್ ಓಕ್ಸ್, ದುಡಿಮೆ ಮತ್ತು ಗಳಿಕೆ ಎರಡನ್ನೂ ಸಮನಾಗಿ ಹಂಚಿಕೊಂಡು ಬಾಳುವವರ ಕೃಷಿ ಸಮುದಾಯ. ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದ 123 ಎಕರೆ ಜಮೀನಿನಲ್ಲಿ 1967ರ ಜೂನ್ ತಿಂಗಳಲ್ಲಿ ಎಂಟು ಮಂದಿ ಇದನ್ನು ಆರಂಭಿಸಿದರು. ಈಗ ಜಮೀನು ಸುಮಾರು 450 ಎಕರೆಗೆ ಬೆಳೆದಿದೆ. ಜನ ಹೆಚ್ಚು ಕಡಿಮೆ ನೂರು. ಹೊಲ, ಮನೆ, ವಾಹನ, ವ್ಯಾಪಾರದ ಲಾಭ ಎಲ್ಲವೂ ಎಲ್ಲರದು. ಊಟ, ವಸತಿ, ಔಷಧೋಪಚಾರವನ್ನು ಸಮುದಾಯ ನೋಡಿಕೊಳ್ಳುತ್ತದೆ. ಕೈಖರ್ಚಿಗೆ ಎಲ್ಲರಿಗೂ ಒಂದೇ ಮೊತ್ತ. ಇಲ್ಲಿ ಯಜಮಾನನಿಲ್ಲ, ಬಡ್ತಿಯಿಲ್ಲ, ಸಂಬಳದ ಏರಿಕೆಯೂ ಇಲ್ಲ. ಹಾಗಿದ್ದೂ ಹಸುಗಳ ಹಾಲು ಹೊತ್ತಿಗೆ ಸರಿಯಾಗಿ ಕರೆದಾಗುತ್ತದೆ, ನೂರು ಜನರ ಅಡುಗೆ ಬೇಯುತ್ತದೆ, ಬ್ಯಾಂಕಿನ ಲೆಕ್ಕ ತಾಳೆಯಾಗುತ್ತದೆ. ತಮ್ಮ ಪಾಲಿನ ಕೆಲಸಕ್ಕಿಂತ ಹೆಚ್ಚಿನ ಹೊಣೆಯನ್ನು ಕೆಲವರು ಮನಸಾರೆ ಹೊರುವುದರಿಂದಲೇ ಇದೆಲ್ಲ ಸಾಧ್ಯವಾಗಿದೆ.

ಈ ವ್ಯವಸ್ಥೆಯ ಮೂಲ ಮಾದರಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ‘ವಾಲ್ಡನ್ ಟೂ’ ಕಾದಂಬರಿ. ದುಡಿಮೆಯನ್ನು ಅಂಕಗಳಲ್ಲಿ ಅಳೆಯುವುದು, ಸಮುದಾಯವನ್ನು ಪ್ಲಾನರ್‌ಗಳು ಮತ್ತು ಮ್ಯಾನೇಜರ್‌ಗಳು ನಡೆಸುವುದು, ಈ ಎರಡನ್ನೂ ಸ್ಥಾಪಕರು ಆ ಪುಸ್ತಕದಿಂದ ತಂದುಕೊಂಡರು. ಅನುಭವಕ್ಕೆ ಬಂದಂತೆ ತಿದ್ದುತ್ತ ಹೋದರು. ಮೊದಮೊದಲು ಯಾರಿಗೂ ಬೇಡವಾದ ಕೆಲಸಕ್ಕೆ ಹೆಚ್ಚು ಅಂಕ ಸಿಗುತ್ತಿತ್ತು. ಆಮೇಲೆ ಯಾವ ಕೆಲಸವಾದರೂ ಒಂದು ಗಂಟೆಗೆ ಒಂದೇ ಅಂಕ ಎಂಬ ನಿಯಮ ಬಂತು. ಪಾತ್ರೆ ತೊಳೆದವರ ಗಂಟೆಗೂ ಲೆಕ್ಕ ಬರೆದವರ ಗಂಟೆಗೂ ಬೆಲೆಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ವಾರಕ್ಕೆ ನಲವತ್ತು ಗಂಟೆಯ ಆಸುಪಾಸಿನ ಪಾಲು ಪ್ರತಿಯೊಬ್ಬರಿಗೂ ಉಂಟು. ಅಡುಗೆ, ಮಕ್ಕಳ ಆರೈಕೆ, ಶುಚಿಗೊಳಿಸುವ ಕೆಲಸವೂ ಅದರಲ್ಲೇ ಸೇರಿದೆ. ಪಾಲಿಗಿಂತ ಹೆಚ್ಚು ದುಡಿದರೆ ರಜೆ ಕೂಡುತ್ತದೆ, ಕಡಿಮೆಯಾದರೆ ಬಾಕಿ ನಿಲ್ಲುತ್ತದೆ.

ಹೊಸಬರು ಮೂರು ವಾರ ಅತಿಥಿಗಳಾಗಿ ಇದ್ದು ನೋಡಬೇಕು. ಸಮುದಾಯ ಒಪ್ಪಿದರೆ ಆರು ತಿಂಗಳ ತಾತ್ಕಾಲಿಕ ಸದಸ್ಯತ್ವ. ಈ ಹಂತದಲ್ಲಿ ಕೈಗೆ ಬರುವುದು ಪ್ರತಿ ವಾರದ ಕೆಲಸದ ಹಾಳೆ. ಯಾವ ದಿನ ಎಷ್ಟು ಹೊತ್ತಿಗೆ ತೋಟ, ಯಾವಾಗ ಅಡುಗೆಮನೆ, ಯಾವಾಗ ತೋಫು ಮಾಡುವ ಪಾಳಿ ಎಂದು ಅದರಲ್ಲಿ ಬರೆದಿರುತ್ತದೆ. ತೋಫು ಪಾಳಿಯಲ್ಲಿ ನೆನೆಸಿದ ಸೋಯಾ ಕಾಳನ್ನು ರುಬ್ಬಿ, ಕುದಿಸಿ, ಹಾಲು ಒಡೆಸಿ, ಗಟ್ಟಿಯನ್ನು ಅಚ್ಚಿಗೆ ಹಾಕಿ ಒತ್ತಬೇಕು. ಆವಿಯಲ್ಲಿ ನಿಂತು ಮಾಡುವ ಈ ಕೆಲಸದಲ್ಲಿ ಒಬ್ಬರು ತಡವಾಗಿ ಬಂದರೂ ಜತೆಗಿರುವವರೆಲ್ಲ ಕಾಯಬೇಕು. ಹೇಳಿದ ಹೊತ್ತಿಗೆ ಬರುವುದೇ ಹೊಣೆಗಾರಿಕೆಯ ಮೊದಲ ಪಾಠವೆಂದು ಹೊಸಬರಿಗೆ ಮನದಟ್ಟಾಗುವುದು ಇಂಥ ಕಡೆಯೇ.

ಮುಂದಿನ ಹಂತ ಮ್ಯಾನೇಜರ್ ಆಗುವುದು. ತರಕಾರಿ ತೋಟ, ಹೈನುಗಾರಿಕೆ, ಕಟ್ಟಡಗಳ ದುರಸ್ತಿ, ವಾಹನ, ಆರೋಗ್ಯ ಹೀಗೆ ಪ್ರತಿಯೊಂದು ವಿಭಾಗಕ್ಕೂ ಒಬ್ಬರು ಹೊಣೆ. ವರ್ಷದ ಯೋಜನೆ ರೂಪುಗೊಳ್ಳುವಾಗ ಯಾವ ವಿಭಾಗಕ್ಕೆ ಎಷ್ಟು ಹಣ, ಎಷ್ಟು ಗಂಟೆಗಳ ದುಡಿಮೆ ಎಂಬುದರ ಬಗ್ಗೆ ಸದಸ್ಯರೆಲ್ಲ ತಮ್ಮ ಅಭಿಪ್ರಾಯವನ್ನು ಹಾಳೆಯ ಮೇಲೆ ಬರೆದು ಕೊಡುತ್ತಾರೆ. ಒಂದಕ್ಕೆ ಹೆಚ್ಚಿಸಿದರೆ ಇನ್ನೊಂದಕ್ಕೆ ಇಳಿಸಲೇಬೇಕು. ಹೀಗೆ ದೊರೆತ ಗಂಟೆಗಳಲ್ಲೇ ತೋಟದ ಮ್ಯಾನೇಜರ್ ಬಿತ್ತನೆ, ಕಳೆ, ಕೊಯ್ಲು ಎಲ್ಲವನ್ನೂ ಮುಗಿಸಬೇಕು. ಬೇಸಿಗೆಯಲ್ಲಿ ಟೊಮೆಟೊ ಒಟ್ಟಿಗೇ ಹಣ್ಣಾದಾಗ ಕೊಯ್ಯಲು ಕೈ ಸಾಲದಿದ್ದರೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ, ಕೇಳಿಕೊಳ್ಳಬೇಕು, ಮನವೊಲಿಸಬೇಕು. ಸಿಗುವುದು ದುಡಿದ ಗಂಟೆಯ ಅಂಕ ಅಷ್ಟೇ. ಮ್ಯಾನೇಜರ್‌ಗಳ ಮೇಲಿರುವ ಮೂವರು ಪ್ಲಾನರ್‌ಗಳ ಅವಧಿ ಹದಿನೆಂಟು ತಿಂಗಳು. ಅವರ ತೀರ್ಮಾನವನ್ನೂ ಸದಸ್ಯರು ಬಹುಮತದಿಂದ ರದ್ದುಮಾಡಬಹುದು.

ಹೊಣೆಯ ಭಾರ ನಿಜವಾಗಿ ತಿಳಿಯುವುದು ಕಷ್ಟಕಾಲದಲ್ಲಿ. ಹಗ್ಗದಿಂದ ಹೆಣೆದ ತೂಗುಮಂಚಗಳು ದಶಕಗಳ ಕಾಲ ಟ್ವಿನ್ ಓಕ್ಸ್‌ನ ಮುಖ್ಯ ಆದಾಯವಾಗಿದ್ದವು. 2004ರಲ್ಲಿ ಅವನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ದೊಡ್ಡ ಅಂಗಡಿ ಸರಣಿ ಖರೀದಿ ನಿಲ್ಲಿಸಿತು. ತೋಫು ತಯಾರಿಕೆಯನ್ನು ಬೆಳೆಸುವುದು, ಇತರ ಕಸುಬುಗಳತ್ತ ದುಡಿಮೆಯನ್ನು ತಿರುಗಿಸುವುದು ಸಮುದಾಯಕ್ಕೆ ಅನಿವಾರ್ಯವಾಯಿತು. ಇಂಥ ಹೊತ್ತಿನಲ್ಲಿ ಲೆಕ್ಕ ಬಲ್ಲವರು, ಯಂತ್ರ ಬಲ್ಲವರು, ಮಾರುಕಟ್ಟೆ ಬಲ್ಲವರು ಮುಂದೆ ಬಾರದಿದ್ದರೆ ಸಮಾನತೆಯ ಆದರ್ಶ ಎಷ್ಟೇ ದೊಡ್ಡದಾದರೂ ನೂರು ಜನರ ಹೊಟ್ಟೆ ತುಂಬುವುದಿಲ್ಲ.

ಹೊಣೆ ಹೊತ್ತವರಿಗೆ ಎರಡು ಅಪಾಯಗಳುಂಟು. ಮೊದಲನೆಯದು ದಣಿವು. ದುಡಿಯುವ ಹೊಲದಲ್ಲೇ ವಾಸವೂ ಇರುವುದರಿಂದ ಕೆಲಸ ಮುಗಿಸಿ ಮನೆಗೆ ಹೋಗುವುದೆಂಬುದಿಲ್ಲ. ಊಟದ ಮೇಜಿನಲ್ಲೂ ಕೆಟ್ಟ ಪಂಪಿನ ದೂರು ಎದುರಾಗುತ್ತದೆ. ಎರಡನೆಯದು ಹಿಡಿತ. ಹಲವು ವರ್ಷ ಒಂದೇ ವಿಭಾಗವನ್ನು ನೋಡಿಕೊಂಡವರ ತಲೆಯಲ್ಲೇ ಅದರ ತಿಳಿವಳಿಕೆಯೆಲ್ಲ ಉಳಿದುಬಿಟ್ಟರೆ, ಹೆಸರಿಗೆ ಯಜಮಾನಿಕೆ ಇಲ್ಲದಿದ್ದರೂ ಅದು ಒಳಗಿಂದೊಳಗೇ ಬೇರುಬಿಡುತ್ತದೆ. ಎರಡಕ್ಕೂ ಮದ್ದು ಒಂದೇ: ಮಾಡುವ ಕೆಲಸವನ್ನು ಬರೆದಿಡುವುದು, ಜತೆಯವರಿಗೆ ಕಲಿಸುವುದು, ಹೊತ್ತು ಬಂದಾಗ ಬಿಟ್ಟುಕೊಡುವುದು. ಸ್ಥಾಪಕರಲ್ಲಿ ಒಬ್ಬರಾದ ಕ್ಯಾಟ್ ಕಿಂಕೇಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಟ್ವಿನ್ ಓಕ್ಸ್ ಬಿಟ್ಟು ಹೋಗಿ ಮಿಸೌರಿಯಲ್ಲಿ ಈಸ್ಟ್ ವಿಂಡ್ ಸಮುದಾಯ ಕಟ್ಟಲು ನೆರವಾದರು. ಮರಳಿ ಬಂದ ಮೇಲೆ 1993ರಲ್ಲಿ ನೆರೆಯಲ್ಲೇ ಆರಂಭವಾದ ಏಕಾರ್ನ್ ಸಮುದಾಯಕ್ಕೂ ದುಡಿದರು. ಅವರಿಲ್ಲದ ವರ್ಷಗಳಲ್ಲೂ ಟ್ವಿನ್ ಓಕ್ಸ್ ನಡೆದುಕೊಂಡೇ ಬಂತು.

ಕೂಡಿ ಬಾಳುವಲ್ಲಿ ಹೆಚ್ಚಿನ ಹೊಣೆಯೆಂದರೆ ಬೇರೆಯವರ ದುಡಿಮೆಯ ಗಂಟೆಗಳನ್ನು ಪೋಲಾಗದಂತೆ ಬಳಸುವ ಕರ್ತವ್ಯ. ಅದಕ್ಕೆ ಹೊರಗಿನ ಲೋಕ ಕೊಡುವ ಪ್ರತಿಫಲ ಯಾವುದೂ ಇಲ್ಲದಿದ್ದರೂ ಜನ ಮುಂದೆ ಬರುತ್ತಾರೆಂಬುದನ್ನು ಟ್ವಿನ್ ಓಕ್ಸ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿ ತೋರಿಸಿದೆ. ಹಾಗೆ ಬಂದವರನ್ನು ದಣಿಯಲು ಬಿಡದೆ, ಅವರ ಜಾಗಕ್ಕೆ ಇನ್ನೊಬ್ಬರನ್ನು ಸಿದ್ಧಗೊಳಿಸುವ ಸಮುದಾಯವೇ ಬಹುಕಾಲ ಬಾಳುತ್ತದೆ.